ತುಂಬಿದ ಟ್ಯಾಂಕು, ಬಾಗಿದ ಆಂಗಲ್: ಕ್ಯಾರವಾನ್ ಅಡಿಯ ನೀರಿಗೆ ಎಷ್ಟು ಆಸರೆ ಬೇಕು?

ಪ್ರಶ್ನೆ: ಕಾರಿನ ಹಿಂದೆ ಕಟ್ಟಿ ಎಳೆಯುವ, ಏಳು ವರ್ಷ ಹಳೆಯ ಕ್ಯಾರವಾನ್ ಒಂದನ್ನು ಕೊಂಡಿದ್ದೇವೆ. 150 ಲೀಟರಿನ ಕುಡಿಯುವ ನೀರಿನ ಟ್ಯಾಂಕು ನೆಲದ ಅಡಿಯಲ್ಲಿ, ಚಕ್ರಗಳಿಗಿಂತ ಹಿಂದೆ ಇದೆ. ಖಾಲಿ ಇದ್ದಾಗ ಅಡಿಭಾಗ ಮುಚ್ಚಿರುವ ಪ್ಲಾಸ್ಟಿಕ್ ಹಾಳೆ ಸಪಾಟಾಗಿರುತ್ತದೆ. ತುಂಬಿಸಿದರೆ ನಡುವೆ ಮೂರು ಬೆರಳಿನಷ್ಟು ಜೋತು ಬೀಳುತ್ತದೆ. ಕಳೆದ ಪ್ರವಾಸದಲ್ಲಿ ಹದಗೆಟ್ಟ ರಸ್ತೆಯಲ್ಲಿ 60 ಕಿ.ಮೀ. ಹೋದ ಮೇಲೆ ಹಾಳೆಯ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗಾಡಿ ನಿಲ್ಲಿಸಿದ ಅರ್ಧ ಗಂಟೆಯಲ್ಲಿ ತಾನಾಗಿ ನಿಂತಿತು. ಮಾರಿದವರು ‘ಪ್ಲಾಸ್ಟಿಕ್ ಅಲ್ಲವೇ, ಬಾಗುವುದು ಸಹಜ’ ಎನ್ನುತ್ತಾರೆ. ಗೆಳೆಯರೊಬ್ಬರು ಸಂದಿಗಳಿಗೆ ಫೋಮ್ ಹೊಡೆಸಿ ಎಂದರು, ಇನ್ನೊಬ್ಬರು ಸರಕು ಬಿಗಿಯುವ ರ್‍ಯಾಚೆಟ್ ಬೆಲ್ಟು ಸಾಕು ಎಂದರು. ಅರ್ಧ ಟ್ಯಾಂಕು ತುಂಬಿಸಿಕೊಂಡು ಓಡಾಡಬಹುದೇ? ಟ್ಯಾಂಕು ರಸ್ತೆಗೆ ಕಳಚಿ ಬೀಳುತ್ತದೆ ಎಂಬ ಭಯದಲ್ಲಿ ಹುರುಳಿದೆಯೇ? ಟ್ಯಾಂಕನ್ನೇ ಬದಲಿಸಬೇಕೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳ ಹಿಂದೆ ಇರುವ ಆತಂಕ ಒಂದೇ: ಕೆಟ್ಟಿರುವುದು ಟ್ಯಾಂಕೋ, ಅದನ್ನು ಹೊತ್ತಿರುವ ಕಬ್ಬಿಣವೋ? ಇಂಥ ಗಾಡಿಗಳಲ್ಲಿ ಹೆಚ್ಚಿನ ಸಲ ತಪ್ಪು ಟ್ಯಾಂಕಿನದ್ದಲ್ಲ. ಐದಾರು ಮಿ.ಮೀ. ದಪ್ಪದ ಪಾಲಿಥಿಲೀನ್ ಡಬ್ಬಿಯನ್ನು ಮಾಡಿರುವುದು ನೀರು ಹಿಡಿದಿಡಲಿಕ್ಕೆ. ಎರಡು ತುದಿಗಳ ಮೇಲೆ ಕೂತು, ನಡುವಿನ ಭಾರವನ್ನು ತೊಲೆಯ ಹಾಗೆ ಹೊರುವುದು ಅದರ ಕೆಲಸವಲ್ಲ. ಗೋಣಿಚೀಲವನ್ನು ಎರಡು ಕೋಲುಗಳ ಮೇಲಿಟ್ಟು ‘ಚೀಲ ಯಾಕೆ ಜೋಲುತ್ತಿದೆ’ ಎಂದು ಕೇಳಿದ ಹಾಗಾಗುತ್ತದೆ. ಆದರೆ ಕಬ್ಬಿಣಕ್ಕೆ ಕೈ ಹಾಕುವ ಮುನ್ನ ಜೋತಿರುವುದು ಏನು ಎಂಬುದು ಗೊತ್ತಾಗಬೇಕು.

ಮೊದಲು ಹಾಳೆಯನ್ನು ಅನುಮಾನಿಸಿ

ಅಡಿಯ ಪ್ಲಾಸ್ಟಿಕ್ ಹಾಳೆ ಭಾರ ಹೊರುವ ವಸ್ತುವಲ್ಲ. ರಟ್ಟಿನ ಪೆಟ್ಟಿಗೆಯಂತೆ ಒಳಗೆ ಟೊಳ್ಳು ಗೆರೆಗಳಿರುವ ಈ ಹಾಳೆ ದೂಳು, ಕಲ್ಲು, ಚಳಿಗಾಳಿ ತಡೆಯಲಿಕ್ಕೆ ಇದೆ. ಅದು ಜೋತು ಬೀಳಲು ಎರಡು ಕಾರಣ ಇರಬಹುದು. ಟ್ಯಾಂಕು ಇಳಿದು ಅದರ ಮೇಲೆ ಕೂತಿರಬಹುದು. ಇಲ್ಲವೇ ಎಲ್ಲಿಂದಲೋ ಸೋರಿದ ನೀರು ಹಾಳೆಯೊಳಗೆ ಕೆರೆಯಂತೆ ನಿಂತಿರಬಹುದು. ಅಂಗೈಯಿಂದ ಮೇಲಕ್ಕೊತ್ತಿ ನೋಡಿ. ತುಳುಕುತ್ತಾ ಅಲುಗಿದರೆ ನೀರು. ಅಲುಗದೆ ಕೈಗೆ ಗಟ್ಟಿಯಾಗಿ ತಾಗಿದರೆ ಟ್ಯಾಂಕು. ನೀರೆಂದು ಖಚಿತವಾದರೆ ಅತಿ ತಗ್ಗಿನ ಜಾಗದಲ್ಲಿ 6 ಮಿ.ಮೀ. ತೂತು ಕೊರೆದು ಇಳಿಸಿ. ಡ್ರಿಲ್ ಬಿಟ್ಟಿಗೆ 10 ಮಿ.ಮೀ. ಬಿಟ್ಟು ಟೇಪು ಸುತ್ತಿಕೊಳ್ಳಿ, ಹಾಳೆ ದಾಟಿ ಟ್ಯಾಂಕಿಗೆ ತಾಗದಿರಲಿ.

ನೀವು ಹೇಳಿದ ಇನ್ನೊಂದು ಸಂಗತಿ ಇಲ್ಲಿ ಬೆಲೆಬಾಳುತ್ತದೆ: ಓಡುವಾಗ ತೊಟ್ಟಿಕ್ಕಿದ್ದು ನಿಂತ ಮೇಲೆ ನಿಂತುಹೋಗಿದೆ. ನೀರಿನ ಮಟ್ಟಕ್ಕಿಂತ ಕೆಳಗೆ ಬಿರುಕಿದ್ದರೆ ಅದು ನಿಂತಾಗಲೂ ಸೋರುತ್ತಲೇ ಇರಬೇಕಿತ್ತು. ಆದ್ದರಿಂದ ನೀರು ಬಂದಿರುವುದು ಬಹುಶಃ ಮೇಲಿನಿಂದ. ತುಂಬಿಸುವ ಹೋಸ್ ಟ್ಯಾಂಕಿಗೆ ಸೇರುವ ಜೋಡಣೆ ಅಥವಾ ಗಾಳಿ ಹೋಗುವ ಸಣ್ಣ ಪೈಪಿನ ಬುಡ ಸಡಿಲವಾಗಿದ್ದು, ಕುಲುಕಾಟಕ್ಕೆ ನೀರು ಚಿಮ್ಮಿರಬೇಕು. ಟ್ಯಾಂಕು ಮೂರು ಬೆರಳು ಇಳಿದರೆ ಈ ಹೋಸುಗಳೂ ಅಷ್ಟೇ ಎಳೆತಕ್ಕೆ ಸಿಕ್ಕುತ್ತವೆ. ಹೋಸಿನ ಕ್ಲಿಪ್ಪನ್ನು ಬಿಗಿ ಮಾಡಿಬಿಟ್ಟರೆ ಸೋರಿಕೆ ನಿಂತೀತು, ಎಳೆತ ಹಾಗೆಯೇ ಇರುತ್ತದೆ. ಆಗ ಮುರಿಯುವುದು ಟ್ಯಾಂಕಿನ ಕತ್ತು.

ದಾರ ಕಟ್ಟಿ ಅಳೆಯಿರಿ

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಚಾಸಿಯ (ಗಾಡಿಯನ್ನು ಹೊತ್ತ ಅಡಿಯ ಚೌಕಟ್ಟಿನ) ಕೆಳಗೆ ಸ್ಟ್ಯಾಂಡುಗಳನ್ನು ಇಟ್ಟ ಮೇಲೆಯೇ ಅಡಿಗೆ ಹೋಗಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಹಾಳೆಯನ್ನು ಪೂರ್ತಿ ತೆಗೆಯುವುದು ಬೇಡ. ಟ್ಯಾಂಕಿನ ಜಾಗದ ಸ್ಕ್ರೂಗಳನ್ನು ಮೂರು ಬದಿ ಬಿಚ್ಚಿ ಬಾಗಿಲಿನಂತೆ ಇಳಿಬಿಟ್ಟರೆ ಸಾಕು. ಹಾಳೆಯ ಮೇಲೆ ನೀರು ನಿಂತಿದ್ದರೆ ಮುಖಕ್ಕೇ ಬರುತ್ತದೆ, ಎಚ್ಚರ.

ಚಾಸಿಯ ಎಡ ತೊಲೆಯ ಕೆಳ ಅಂಚಿನಿಂದ ಬಲ ತೊಲೆಯ ಕೆಳ ಅಂಚಿಗೆ ದಾರ ಎಳೆದು ಕಟ್ಟಿ. ದಾರದಿಂದ ಟ್ಯಾಂಕಿನ ತಳಕ್ಕೂ, ಅದನ್ನು ಹೊತ್ತ ಪ್ರತಿಯೊಂದು ಆಂಗಲಿನ (ಎಲ್ ಆಕಾರದ ಉಕ್ಕಿನ ಪಟ್ಟಿಯ) ನಡುಭಾಗಕ್ಕೂ ಇರುವ ಅಂತರವನ್ನು ಅಳೆದು ಬರೆದಿಡಿ. ಖಾಲಿ ಇದ್ದಾಗ ಒಮ್ಮೆ, ಅರ್ಧ ತುಂಬಿದಾಗ ಒಮ್ಮೆ, ಪೂರ್ತಿ ತುಂಬಿದಾಗ ಒಮ್ಮೆ. ತುಂಬಿದ ಟ್ಯಾಂಕನ್ನು ಒಂದು ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಮತ್ತೊಮ್ಮೆ. ಈ ಕೊನೆಯ ಅಳತೆಯನ್ನು ಬಿಡಬೇಡಿ. ಪಾಲಿಥಿಲೀನ್ ಹೇರಿದ ಕ್ಷಣದಲ್ಲಿ ಬಾಗುವುದು ಒಂದಿಷ್ಟು. ಭಾರ ಹಾಗೇ ಉಳಿದರೆ ಗಂಟೆಗಟ್ಟಲೆ, ದಿನಗಟ್ಟಲೆ ಮೆಲ್ಲಗೆ ಇಳಿಯುತ್ತಲೇ ಇರುತ್ತದೆ. ಬಿಸಿಲಿದ್ದರೆ ಇನ್ನೂ ಬೇಗ.

ಅಂಕಿಗಳನ್ನು ಓದುವುದು ಹೀಗೆ. ಎರಡು ಆಂಗಲುಗಳ ನಡುವೆ ಟ್ಯಾಂಕಿನ ಹೊಟ್ಟೆ ಮಾತ್ರ 5–10 ಮಿ.ಮೀ. ಉಬ್ಬಿ, ಆಂಗಲುಗಳು ನೆಟ್ಟಗಿದ್ದರೆ ಮಾರಿದವರು ಹೇಳಿದ್ದು ನಿಜ, ಅದು ಪ್ಲಾಸ್ಟಿಕ್ಕಿನ ಸ್ವಭಾವ. ಟ್ಯಾಂಕು ಖಾಲಿಯಾದ ಮೇಲೂ ಆಂಗಲ್ ನೆಟ್ಟಗಾಗದೆ ಬಾಗಿಯೇ ಉಳಿದಿದ್ದರೆ ಆ ಮಾತು ಅಲ್ಲಿಗೆ ಮುಗಿಯಿತು. ಕಬ್ಬಿಣ ತನ್ನ ತಾಳಿಕೆ ಮೀರಿ ಸೋತಿದೆ, ಮುಂದಿನ ದೊಡ್ಡ ಗುಂಡಿಗೆ ಇನ್ನಷ್ಟು ಬಾಗುತ್ತದೆ. ನೀವು ಹೇಳುವ ಮೂರು ಬೆರಳು ಎಂದರೆ ಸುಮಾರು 50 ಮಿ.ಮೀ. ಹಾಳೆಯಲ್ಲಿ ನೀರು ನಿಂತಿಲ್ಲದಿದ್ದರೆ ಅದು ‘ಸಹಜ’ದ ಗಡಿಯನ್ನು ಯಾವಾಗಲೋ ದಾಟಿದೆ.

ಟಾರ್ಚ್ ಹಿಡಿದಾಗ ಆಂಗಲಿನ ತುದಿಗಳನ್ನೂ ನೋಡಿ. ಸ್ಕ್ರೂ ತಲೆಯ ಸುತ್ತ ತುಕ್ಕಿನ ಕಂದು ಗೆರೆ ಇಳಿದಿದ್ದರೆ, ಇಲ್ಲವೇ ಬಣ್ಣ ಸವೆದು ಲೋಹ ಹೊಳೆಯುತ್ತಿದ್ದರೆ ಆ ಜೋಡಣೆ ಅಲುಗಾಡುತ್ತಿದೆ. ತೂತು ದುಂಡಗಿರದೆ ಮೊಟ್ಟೆಯಾಕಾರಕ್ಕೆ ಬಂದಿದೆಯೇ ನೋಡಿ. ಕೆಲವು ಟ್ಯಾಂಕುಗಳಿಗೆ ಸುತ್ತಲೂ ಒಂದು ಅಂಚು ಇದ್ದು, ಆ ಅಂಚಷ್ಟೇ ಆಂಗಲಿನ ಮೇಲೆ ಕೂತಿರುತ್ತದೆ. ಹೊಟ್ಟೆ ಉಬ್ಬಿದಂತೆ ಅಂಚು ಒಳಗೆ ಸರಿಯುತ್ತದೆ. ಮೊದಲು 25 ಮಿ.ಮೀ. ಇದ್ದ ಹಿಡಿತ 8–10 ಮಿ.ಮೀ.ಗೆ ಇಳಿದಿದ್ದರೆ, ಆ ಟ್ಯಾಂಕು ಇಷ್ಟು ದಿನ ಉಳಿದದ್ದು ಅದೃಷ್ಟದಿಂದ.

ಕಬ್ಬಿಣ ಸೋಲುವ ಲೆಕ್ಕ

150 ಲೀಟರ್ ನೀರು 150 ಕೆ.ಜಿ. ಟ್ಯಾಂಕು, ಪೈಪು ಸೇರಿ 160 ಎನ್ನೋಣ. ಚಾಸಿಯ ತೊಲೆಗಳ ನಡುವೆ 900 ಮಿ.ಮೀ. ಅಂತರ, ಟ್ಯಾಂಕಿನ ಅಡಿಯಲ್ಲಿ ಎರಡೇ ಎರಡು 25×25×3 ಮಿ.ಮೀ. ಆಂಗಲುಗಳು ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ 80 ಕೆ.ಜಿ. ನಿಂತ ಗಾಡಿಯಲ್ಲೇ ಆಂಗಲಿನ ನಡುಭಾಗ ಸುಮಾರು 5 ಮಿ.ಮೀ. ಬಾಗುತ್ತದೆ, ಒಳಗಿನ ಒತ್ತಡ ಚದರ ಮಿ.ಮೀ.ಗೆ 195 ನ್ಯೂಟನ್ ಆಸುಪಾಸು. ಸಾಧಾರಣ ಉಕ್ಕು 250ರವರೆಗೆ ತಾಳಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಕಾಗದದ ಮೇಲೆ ‘ಪಾಸ್’! ಕಾರ್ಖಾನೆಯ ಅಂಗಳದಲ್ಲಿ ಟ್ಯಾಂಕು ತುಂಬಿಸಿ ನೋಡಿದವರಿಗೂ ಎಲ್ಲ ಸರಿಯಾಗೇ ಕಾಣುತ್ತದೆ.

ರಸ್ತೆಗೆ ಇಳಿದಾಗ ಲೆಕ್ಕ ತಿರುಗಿ ಬೀಳುತ್ತದೆ. ಗುಂಡಿಯಿಂದ ಚಕ್ರ ಮೇಲೆದ್ದು ಬಡಿದ ಆ ಕ್ಷಣ ಟ್ಯಾಂಕು ತನ್ನ ತೂಕದ ಎರಡು ಮೂರು ಪಟ್ಟು ಭಾರವಾಗಿ ಆಂಗಲನ್ನು ಒತ್ತುತ್ತದೆ. ಮೂರು ಪಟ್ಟು ಹಿಡಿದು ಲೆಕ್ಕ ಹಾಕುವುದು ಈ ಕೆಲಸದಲ್ಲಿ ವಾಡಿಕೆ. ಹಾಗೆ ಹಿಡಿದರೆ ಅದೇ ಆಂಗಲಿನಲ್ಲಿ ಒತ್ತಡ 590 ಮುಟ್ಟುತ್ತದೆ. ತಾಳಿಕೆಯ ಎರಡು ಪಟ್ಟಿಗಿಂತ ಹೆಚ್ಚು. ಚಕ್ರಗಳ ಹಿಂದೆ ಎಷ್ಟು ದೂರದಲ್ಲಿ ಟ್ಯಾಂಕು ಇದೆಯೋ ಅಷ್ಟೂ ಈ ಕುಕ್ಕಾಟ ಜಾಸ್ತಿ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ.

ಇದೇ 160 ಕೆ.ಜಿ.ಯನ್ನು ಮೂರು 40×40×4 ಆಂಗಲುಗಳಿಗೆ ಹಂಚಿದರೆ ಮೂರು ಪಟ್ಟು ಭಾರದಲ್ಲೂ ಒತ್ತಡ 115ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಂತಾಗಿನ ಬಾಗು ಒಂದು ಮಿ.ಮೀ.ಗಿಂತ ಕಡಿಮೆ. ಬೇಕಾಗುವ ಕಬ್ಬಿಣ ಎಷ್ಟು? ಮೂರೂ ಸೇರಿ ಆರೂವರೆ ಕೆ.ಜಿ. ಚೌಕ ಪೈಪು ಸಿಕ್ಕರೆ ಇನ್ನೂ ಒಳ್ಳೆಯದು: ಆಂಗಲ್ ಭಾರಕ್ಕೆ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ, ಪೈಪು ತಿರುಚಿಕೊಳ್ಳುವುದಿಲ್ಲ. 40×40×3 ಚೌಕ ಪೈಪು ಮೀಟರಿಗೆ ಒಂದು ಕೆ.ಜಿ. ಮಾತ್ರ ಹೆಚ್ಚು ತೂಗಿ, ಮೂರು ಪಟ್ಟಿನಷ್ಟು ಭಾರ ತಾಳುತ್ತದೆ. ಅದರ ಎರಡೂ ತುದಿ ಮುಚ್ಚಿ, ಕೆಳಮುಖದಲ್ಲಿ ಸಣ್ಣ ತೂತು ಬಿಡದಿದ್ದರೆ ಒಳಗಿಂದ ತುಕ್ಕು ತಿನ್ನುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ.

ಸ್ಕ್ರೂಗಳದ್ದು ಬೇರೆಯದೇ ಕಥೆ. ತಾನೇ ಕೊರೆದುಕೊಂಡು ಹೋಗುವ ಸ್ಕ್ರೂವನ್ನು 3 ಮಿ.ಮೀ. ದಪ್ಪದ ಚಾಸಿಗೆ ಹೊಡೆದರೆ ಹಿಡಿತ ಸಿಗುವುದು ಎರಡು ಸುತ್ತು ಮರೆಗೆ (ಸ್ಕ್ರೂವಿನ ಸುರುಳಿ ಗೆರೆಗೆ) ಮಾತ್ರ. ಆ ಎರಡು ಸುತ್ತಿನ ಮೇಲೆ ಟ್ಯಾಂಕು ನೇತಾಡುತ್ತಾ ದಿನವಿಡೀ ನಡುಗಿದರೆ ಒಂದು ದಿನ ತೂತು ಅಗಲವಾಗಲೇಬೇಕು.

ನೀರೇ ಟ್ಯಾಂಕನ್ನು ಒಳಗಿನಿಂದ ಜ್ಯಾಕಿನಂತೆ ಒತ್ತುವುದು

ಬಹಳ ಜನಕ್ಕೆ ಹೊಳೆಯದ ಕಾರಣ ಇದು. ತುಂಬಿಸುವ ಬಾಯಿ ಟ್ಯಾಂಕಿನ ಮೇಲ್ಮೈಗಿಂತ ಸುಮಾರು 80 ಸೆಂ.ಮೀ. ಎತ್ತರದಲ್ಲಿ ಇರುತ್ತದೆ ಎನ್ನೋಣ. ಬಾಯಿಯಿಂದ ನೀರು ಉಕ್ಕುವವರೆಗೆ ತುಂಬಿಸಿದರೆ ಹೋಸಿನಲ್ಲಿ ನಿಂತ ಆ ನೀರಿನ ಕಂಬ ಟ್ಯಾಂಕಿನ ಒಳಮೈಯನ್ನೆಲ್ಲ ಒತ್ತುತ್ತದೆ. ಹೋಸಿನಲ್ಲಿರುವ ನೀರು ಎರಡು ಮೂರು ಲೀಟರ್ ಇರಬಹುದು. ಆದರೆ 900×700 ಮಿ.ಮೀ. ತಳದ ಮೇಲೆ ಅದು ಹಾಕುವ ಒತ್ತು ಸುಮಾರು 500 ಕೆ.ಜಿ.! ಅಷ್ಟೇ ಒತ್ತು ಮೇಲ್ಮೈ ಮೇಲೂ. ಟ್ಯಾಂಕಿನ ಮೇಲೆ ಗಾಡಿಯ ನೆಲ, ಕೆಳಗೆ ಆಂಗಲ್. ಮೇಲ್ಮೈ ಉಬ್ಬಿ ನೆಲಕ್ಕೆ ತಾಗಿತೆಂದರೆ ಟ್ಯಾಂಕು ನೆಲವನ್ನು ಆನಿಸಿಕೊಂಡು ಆಂಗಲುಗಳನ್ನು ಕೆಳಕ್ಕೆ ನೂಕುತ್ತದೆ. ನಲ್ಲಿಯ ಹೋಸನ್ನು ಬಾಯಿಗೆ ಬಿಗಿಯಾಗಿ ಸಿಕ್ಕಿಸಿ, ಗಾಳಿ ಪೈಪು ಕಟ್ಟಿಕೊಂಡಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದು; ನಲ್ಲಿಯ 2 ಬಾರ್ ಒತ್ತಡ ಆ ತಳದ ಮೇಲೆ ಹನ್ನೆರಡು ಟನ್ ಮೀರುತ್ತದೆ. ಅಷ್ಟಾಗುವ ಬಹಳ ಮೊದಲೇ ಟ್ಯಾಂಕು ಸೀಳಿರುತ್ತದೆ.

ಇಳಿದ ಟ್ಯಾಂಕು ಗಾಳಿ ಪೈಪನ್ನು ಎಳೆದು ಮಡಿಸುತ್ತದೆ. ಮಡಿಸಿದ ಪೈಪಿನಿಂದ ಗಾಳಿ ಹೋಗದೆ ಟ್ಯಾಂಕು ಉಬ್ಬುತ್ತದೆ, ಉಬ್ಬಿದ್ದು ಆಂಗಲನ್ನು ಇನ್ನಷ್ಟು ಬಾಗಿಸುತ್ತದೆ. ಒಂದು ಕಾಯಿಲೆ ಇನ್ನೊಂದನ್ನು ಸಾಕುವ ಪರಿ ಇದು. ತುಂಬಿಸುವಾಗ ನೀರು ಗೊಳಗೊಳ ಎಂದು ಹಿಂದಕ್ಕೆ ಉಗುಳುತ್ತಿದ್ದರೆ ಗಾಳಿ ಪೈಪನ್ನೇ ಮೊದಲು ನೋಡಿ. ಹೋಸನ್ನು ಬಾಯಿಯಲ್ಲಿ ಸಡಿಲವಾಗಿ ಇಟ್ಟು ತುಂಬಿಸಿ, ಪಕ್ಕದಲ್ಲೇ ನಿಂತಿರಿ, ಗಾಳಿ ಪೈಪಿನಲ್ಲಿ ನೀರು ಕಾಣಿಸಿದ ಕೂಡಲೇ ನಲ್ಲಿ ನಿಲ್ಲಿಸಿ.

ನಿಮ್ಮ ಕಿವಿಗೆ ಬಿದ್ದ ಸಲಹೆಗಳು

ಫೋಮ್ ಬೇಡ. ಡಬ್ಬಿಯಿಂದ ಉಬ್ಬಿ ಬರುವ ಪಾಲಿಯುರಿಥೇನ್ ಫೋಮ್ ಪಾಲಿಥಿಲೀನಿಗೆ ಸರಿಯಾಗಿ ಅಂಟುವುದೇ ಇಲ್ಲ. ಅಡಿಯಲ್ಲಿ ಗಟ್ಟಿಯಾದ ಆಸರೆ ಇಲ್ಲದಿದ್ದರೆ ಅದು ಭಾರವನ್ನು ಯಾರಿಗೆ ದಾಟಿಸಬೇಕು? ಮತ್ತೆ ಅದೇ ಹಾಳೆಗೆ. ಸಾಲದ್ದಕ್ಕೆ ಚಾಸಿಗೂ ಫೋಮಿಗೂ ನಡುವೆ ನೀರು ನಿಂತು ತುಕ್ಕು ಹಿಡಿಯುತ್ತದೆ, ನಾಳೆ ಒಂದು ಎಲ್ಬೋ (ಪೈಪಿನ ಬಾಗಿದ ಜೋಡಣೆ) ಬದಲಿಸಲು ಚಾಕು ಹಿಡಿದು ಕೆತ್ತುತ್ತಾ ಕೂರಬೇಕು.

ತೂತು ತೂತಿನ ತೆಳ್ಳನೆ ತಗಡಿನ ಪಟ್ಟಿಯನ್ನು ಯಾರಾದರೂ ಸೂಚಿಸಿದರೆ ಅದೂ ಬೇಡ. ನಡುಕಕ್ಕೆ ತೂತಿನ ಬಳಿಯೇ ತುಂಡಾಗುತ್ತದೆ, ತುಂಡಾಗುವ ಮುನ್ನ ಟ್ಯಾಂಕಿನ ತಳವನ್ನು ಗರಗಸದಂತೆ ಕೊಯ್ದಿರುತ್ತದೆ.

ರ್‍ಯಾಚೆಟ್ ಬೆಲ್ಟಿಗೆ ಒಂದು ಜಾಗ ಇದೆ: ಖಾಲಿ ಟ್ಯಾಂಕಿನೊಂದಿಗೆ ಗಾಡಿಯನ್ನು ವರ್ಕ್‌ಶಾಪಿಗೆ ಒಯ್ಯುವವರೆಗೆ. 50 ಮಿ.ಮೀ. ಅಗಲದ ಎರಡು ಬೆಲ್ಟು, ಟ್ಯಾಂಕಿನ ಅಡಿಗೆ 12 ಮಿ.ಮೀ. ಪ್ಲೈವುಡ್, ಚಾಸಿಯ ಚೂಪು ಅಂಚಿಗೆ ಬೆಲ್ಟು ತಾಗುವಲ್ಲಿ ಹಳೆಯ ಹೋಸಿನ ತುಂಡು. ಬ್ರೇಕಿನ ತಂತಿ, ಗ್ಯಾಸ್ ಪೈಪುಗಳು ಬೆಲ್ಟಿನೊಳಗೆ ಸಿಕ್ಕಿಕೊಳ್ಳದಿರಲಿ. ಪ್ಲೈವುಡ್ ಟ್ಯಾಂಕಿಗೆ ತಾಗಿದರೆ ಸಾಕು, ಮೇಲೆತ್ತುವ ಹಟ ಬೇಡ. ಬಿಗಿದಷ್ಟೂ ಡಬ್ಬಿ ಹಿಸುಕಿ ಎಲ್ಬೋಗಳು ಬಿರಿಯುತ್ತವೆ. 20 ಕಿ.ಮೀ. ಹೋದ ಮೇಲೆ ಇಳಿದು ನೋಡಿ, ಸಡಿಲವಾಗಿರುತ್ತದೆ.

ಅರ್ಧ ಟ್ಯಾಂಕಿನ ಪ್ರಶ್ನೆಗೆ ಉತ್ತರ ಸ್ವಲ್ಪ ಇಬ್ಬಗೆಯದು. ಭಾರ ಅರ್ಧಕ್ಕಿಳಿಯುವುದು ಆಂಗಲಿಗೆ ನಿಜಕ್ಕೂ ಒಳ್ಳೆಯದು. ಆದರೆ ಪೂರ್ತಿ ತುಂಬಿದ ನೀರು ಕದಲುವುದಿಲ್ಲ, ಅರ್ಧ ತುಂಬಿದ 75 ಕೆ.ಜಿ. ನೀರು ಪ್ರತಿ ಬ್ರೇಕಿಗೂ ತಿರುವಿಗೂ ಗೋಡೆಗೆ ಅಪ್ಪಳಿಸುತ್ತದೆ. ಟ್ಯಾಂಕಿನೊಳಗೆ ಅಲೆ ತಡೆಯುವ ಅಡ್ಡಗೋಡೆ ಇಲ್ಲದಿದ್ದರೆ ಸಡಿಲಗೊಂಡಿರುವ ಜೋಡಣೆಗಳನ್ನು ಅಲುಗಿಸಲು ಅಷ್ಟು ಸಾಕು. ಆಂಗಲ್ ಬಾಗಿಯೇ ಉಳಿದಿದೆ ಎಂದಾದರೆ ಅರ್ಧವೂ ಬೇಡ, ದುರಸ್ತಿಯಾಗುವವರೆಗೆ ಖಾಲಿ ಓಡಿಸಿ, ತಲುಪಿದಲ್ಲಿ ತುಂಬಿಸಿ. ದಾರಿಗೆ ಬೇಕಾದ ನೀರನ್ನು 20 ಲೀಟರಿನ ಎರಡು ಕ್ಯಾನುಗಳಲ್ಲಿ, ಚಕ್ರಗಳ ನೇರಕ್ಕೆ, ನೆಲದ ಮೇಲೆ ಕಟ್ಟಿಡಿ. ಬಳಸಿದ ನೀರಿನ ಟ್ಯಾಂಕೂ ಅದೇ ಬಗೆಯ ಆಂಗಲಿನ ಮೇಲೆ ಇದ್ದರೆ ಅದನ್ನೂ ಖಾಲಿ ಮಾಡಿಯೇ ಹೊರಡಿ. ಶೌಚದ ಟ್ಯಾಂಕಿನ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಅದು ಇಳಿದರೆ ಟಾಯ್ಲೆಟ್ಟಿನ ಬುಡದ ಸೀಲೇ ಅದರ ಭಾರ ಹೊರಬೇಕಾಗುತ್ತದೆ, ಸೋರಿದಾಗ ಏನಾಗುತ್ತದೆ ಎಂದು ಬರೆಯಬೇಕಿಲ್ಲ.

ಖಾಲಿ ಮಾಡಿದಾಗ ಗಾಡಿಯ ತೂಗು ಬದಲಾಗುತ್ತದೆ ಎಂಬುದೂ ನೆನಪಿರಲಿ. ಟ್ಯಾಂಕಿನ ನಡುಭಾಗ ಚಕ್ರದಿಂದ 1.5 ಮೀ. ಹಿಂದೆ, ಕಾರಿಗೆ ಕೊಂಡಿ ಹಾಕುವ ಜಾಗ 4 ಮೀ. ಮುಂದೆ ಇದ್ದರೆ, ತುಂಬಿದ 150 ಲೀಟರ್ ಕೊಂಡಿಯ ಮೇಲಿನ ಭಾರವನ್ನು 56 ಕೆ.ಜಿ. ಹಗುರ ಮಾಡುತ್ತಿತ್ತು. ಕೊಂಡಿ ಅತಿ ಹಗುರವಾದರೆ ಕ್ಯಾರವಾನ್ ಬಾಲ ಬೀಸತೊಡಗುತ್ತದೆ. ತುಂಬಿಸಿ ಓಡಿಸಿದಾಗ ಗಾಡಿ ಓಲಾಡಿದ ಅನುಭವ ನಿಮಗಾಗಿದ್ದರೆ ಕಾರಣ ಇದೂ ಇರಬಹುದು. ಖಾಲಿ ಮಾಡಿದ ಮೇಲೆ ಕೊಂಡಿಯ ಭಾರ ಕಾರಿನ ಮಿತಿ ಮೀರದಂತೆ ಸಾಮಾನನ್ನು ಹೊಂದಿಸಿಕೊಳ್ಳಿ.

ಕಳಚಿ ಬೀಳುವ ಭಯ

ಹುರುಳಿದೆ, ಆದರೆ ಒಮ್ಮೆಗೇ ದೊಪ್ಪನೆ ಬೀಳುವುದು ಅಪರೂಪ. ಮೊದಲು ಒಂದು ಆಂಗಲಿನ ಒಂದು ತುದಿ ಕಳಚುತ್ತದೆ. ಟ್ಯಾಂಕು ಓರೆಯಾಗಿ ಹಾಳೆಯ ಮೇಲೆ ಒರಗುತ್ತದೆ, ಹೋಸು ಕಿತ್ತು ಬಹಳಷ್ಟು ನೀರು ರಸ್ತೆ ಪಾಲಾಗುತ್ತದೆ. ಹಗುರಾದ ಡಬ್ಬಿ ಒಂದಷ್ಟು ದೂರ ಹಾಳೆಯ ಮೇಲೆ ಕೂತೇ ಬರುತ್ತದೆ. ಅಪಾಯ ಇರುವುದು ಕಳಚಿದ ಆಂಗಲಿನ ತುದಿ ರಸ್ತೆಗೆ ನಾಟುವುದರಲ್ಲಿ, ಇಳಿದ ಟ್ಯಾಂಕು ಬ್ರೇಕಿನ ತಂತಿಯನ್ನೋ ಗ್ಯಾಸ್ ಪೈಪನ್ನೋ ಎಳೆಯುವುದರಲ್ಲಿ, ಹಿಂದೆ ಬರುವವರ ಮುಂದೆ ಡಬ್ಬಿ ಉರುಳುವುದರಲ್ಲಿ. ಹೆದ್ದಾರಿ ವೇಗದಲ್ಲಿ ಇವು ಯಾವುವೂ ಸಣ್ಣವಲ್ಲ.

ಶಾಶ್ವತ ದುರಸ್ತಿ

ಶುರು ಮಾಡುವ ಮುನ್ನ ತಯಾರಕರಿಗೆ ಚಾಸಿ ನಂಬರ್ ಕೊಟ್ಟು, ಟ್ಯಾಂಕಿನ ಆಸರೆಯ ದೋಷಕ್ಕಾಗಿ ಗಾಡಿಗಳನ್ನು ವಾಪಸು ಕರೆಯುವ ಸೂಚನೆ (ರಿಕಾಲ್) ಏನಾದರೂ ಇದೆಯೇ, ಚಾಸಿಗೆ ತೂತು ಕೊರೆಯಬಹುದೇ ಎಂಬ ಎರಡು ಪ್ರಶ್ನೆ ಕೇಳಿ. ತೆಳು ತಗಡನ್ನು ಮಡಚಿ ಸತು ಲೇಪಿಸಿ ಮಾಡಿದ ಹಗುರ ಚಾಸಿಗಳಿಗೆ ತೂತನ್ನೂ ವೆಲ್ಡಿಂಗನ್ನೂ ಅನೇಕ ತಯಾರಕರು ಒಪ್ಪುವುದಿಲ್ಲ. ಅಂಥ ಕಡೆ ತೊಲೆಯನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪುಗಳೇ ದಾರಿ.

ವೆಲ್ಡಿಂಗ್ ಮಾಡಿಸಿಬಿಡೋಣ ಎನ್ನುವವರು ಹೆಚ್ಚು. ಬಾಗುವ ತೊಲೆಯಲ್ಲಿ ಒತ್ತಡ ಅತಿ ಹೆಚ್ಚಿರುವುದು ಅದರ ಅಂಚಿನಲ್ಲಿ. ಅದಕ್ಕೆ ಅಡ್ಡಲಾಗಿ ಎಳೆದ ವೆಲ್ಡಿಂಗ್ ಗೆರೆಯಿಂದಲೇ ಮುಂದೆ ಚಾಸಿ ಬಿರುಕು ಬಿಡಲು ಶುರು. ಮೇಲೆ ಪಾಲಿಥಿಲೀನ್, ಪಕ್ಕದಲ್ಲಿ ವಯರಿಂಗು, ಗ್ಯಾಸ್. ಕಿಡಿ ಎಲ್ಲಿ ಬೀಳುತ್ತದೋ ಕಾಣುವುದಿಲ್ಲ. ಆದ್ದರಿಂದ ನನ್ನ ಆಯ್ಕೆ ಬೋಲ್ಟು. ತೊಲೆಯ ನಿಲುವಾದ ಮುಖದಲ್ಲಿ, ಎತ್ತರದ ನಡುಭಾಗದ ಆಸುಪಾಸಿನಲ್ಲಿ ತೂತು ಕೊರೆಸಿ, ಕೆಳ ಅಂಚಿನ ಪಟ್ಟಿಗೆ ಮಾತ್ರ ಬೇಡ. ಅಲ್ಲಿಂದ 5 ಮಿ.ಮೀ. ದಪ್ಪದ ಪ್ಲೇಟು ಇಳಿಬಿಟ್ಟು ಅದಕ್ಕೆ ಅಡ್ಡಪಟ್ಟಿ (ಮೇಲೆ ಹೇಳಿದ 40 ಮಿ.ಮೀ. ಆಂಗಲ್ ಅಥವಾ ಚೌಕ ಪೈಪು) ಕೂರಿಸುವುದು. ಪ್ರತಿ ತುದಿಗೆ 8.8 ಎಂಬ ಗಟ್ಟಿ ದರ್ಜೆಯ ಎರಡು ಎಂ8 (8 ಮಿ.ಮೀ. ದಪ್ಪದ) ಬೋಲ್ಟು, ಎರಡೂ ಕಡೆ ದಪ್ಪ ವಾಷರು, ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್ಟು, ಬಿಗಿತ ಸುಮಾರು 25 ನ್ಯೂಟನ್ ಮೀಟರ್. ತೊಲೆ ಟೊಳ್ಳು ಪೈಪಾಗಿದ್ದರೆ ಬೋಲ್ಟಿನ ಸುತ್ತ ಒಳಗೆ ಕೊಳವೆ ತುಂಡು ಕೊಡದೆ ಬಿಗಿದರೆ ಪೈಪೇ ಚಪ್ಪಟೆಯಾಗುತ್ತದೆ. ಕೊರೆದ ಪ್ರತಿ ತೂತಿಗೂ ಸತುವಿನ ಬಣ್ಣ ಬಳಿಸಿ.

ಅಡ್ಡಪಟ್ಟಿಗಳ ನಡುವೆ 250–300 ಮಿ.ಮೀ. ಮೀರಬಾರದು. ನಿಮ್ಮ ಟ್ಯಾಂಕಿಗೆ ಮೂರು ಬರುತ್ತವೆ. ಅವುಗಳ ಮೇಲೆ ಟ್ಯಾಂಕಿನ ತಳದಷ್ಟೇ ಅಗಲದ ತಟ್ಟೆ: 3 ಮಿ.ಮೀ. ಅಲ್ಯೂಮಿನಿಯಂ ಹಾಳೆಯಾದರೆ ಐದು ಕೆ.ಜಿ. ಆಸುಪಾಸು ತೂಗುತ್ತದೆ. ತಟ್ಟೆ ಒಂದೇ ಸಾಕು, ಅಡ್ಡಪಟ್ಟಿ ಬೇಡ ಎನ್ನುವ ಫಿಟ್ಟರನ್ನು ನಂಬಬೇಡಿ, 900 ಮಿ.ಮೀ. ಅಂತರಕ್ಕೆ ಆ ಹಾಳೆ ತೊಟ್ಟಿಲಾಗುತ್ತದೆ. ನೀರು ನಿಲ್ಲದಂತೆ ತಟ್ಟೆಗೆ 10 ಮಿ.ಮೀ.ನ ಏಳೆಂಟು ತೂತುಗಳಿರಲಿ. ಅಲ್ಯೂಮಿನಿಯಂ ಉಕ್ಕಿಗೆ ನೇರ ತಾಗಿ ಒದ್ದೆಯಾದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ನಡುವೆ ರಬ್ಬರ್ ಪಟ್ಟಿ ಬೇಕು. ಟ್ಯಾಂಕಿಗೂ ತಟ್ಟೆಗೂ ನಡುವೆ 3 ಮಿ.ಮೀ. ರಬ್ಬರ್ ಹಾಸು ಹಾಸಿ. ಹಳೆಯ ಕಾರ್ಪೆಟ್ ತುಂಡು ಹಾಕುವ ರೂಢಿ ಇದೆ, ಅದು ನೀರು ಕುಡಿದು ವರ್ಷವಿಡೀ ಒದ್ದೆ ಇರುತ್ತದೆ.

ಮೇಲೆ ಕೆಳಗೆ ಮಾತ್ರ ಕಟ್ಟಿ ಮುಂದೆ ಹಿಂದೆ ಬಿಟ್ಟರೆ ಕೆಲಸ ಅರ್ಧವೇ ಆಗಿದೆ. ಜೋರಾಗಿ ಬ್ರೇಕ್ ಹಾಕಿದಾಗ ಈ ಟ್ಯಾಂಕು 130 ಕೆ.ಜಿ. ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. ತಟ್ಟೆಯ ನಾಲ್ಕೂ ಬದಿ 50 ಮಿ.ಮೀ. ಎತ್ತರದ ಅಂಚು ಬೇಕು. ಆದರೆ ಟ್ಯಾಂಕನ್ನು ಅಂಚಿಗೆ ಒತ್ತಿ ಕೂರಿಸಬೇಡಿ. ಬಿಸಿಲಿನಲ್ಲಿ 30 ಡಿಗ್ರಿ ಕಾವೇರಿದರೆ 900 ಮಿ.ಮೀ. ಉದ್ದದ ಪಾಲಿಥಿಲೀನ್ ನಾಲ್ಕೈದು ಮಿ.ಮೀ. ಹಿಗ್ಗುತ್ತದೆ. ಪ್ರತಿ ಬದಿ 3 ಮಿ.ಮೀ. ಸಂದು ಬಿಟ್ಟು ಮೆದು ರಬ್ಬರ್ ತುಂಬಿಸಿ.

ಟ್ಯಾಂಕನ್ನು ಮೇಲೆತ್ತುವಾಗ ಅದು ಖಾಲಿ ಇರಲಿ, ಜ್ಯಾಕಿನ ಮೇಲೆ ಪ್ಲೈವುಡ್ ಇರಲಿ. ಹೋಸುಗಳನ್ನು ಮೊದಲು ಬಿಚ್ಚಿ, ಎತ್ತಿದ ಮೇಲೆ ಹೊಸ ಉದ್ದಕ್ಕೆ ಹೊಂದಿಸಿ ಸ್ವಲ್ಪ ಸಡಿಲ ಬಿಟ್ಟು ಜೋಡಿಸಿ. ಟ್ಯಾಂಕಿನ ಪ್ಲಾಸ್ಟಿಕ್ ಮರೆಗೆ ಫಿಟ್ಟಿಂಗ್ ತಿರುಗಿಸುವಾಗ ಕೈಯಿಂದ ಬಿಗಿಯಾದ ಮೇಲೆ ಅರ್ಧ ಸುತ್ತು ಸಾಕು.

ಟ್ಯಾಂಕು ಬದಲಿಸಬೇಕೇ?

ತಳ ಉಬ್ಬಿದ್ದರೂ ಬಿರುಕಿಲ್ಲದಿದ್ದರೆ ಬೇಡ. ಉಬ್ಬು ಪೂರ್ತಿ ಹೋಗುವುದಿಲ್ಲ, ಒಂದಿಷ್ಟು ಉಳಿಯುತ್ತದೆ. ತಟ್ಟೆಯ ಮೇಲೆ ಕೂತರೆ ಆ ಉಬ್ಬು ಚಪ್ಪಟೆಯಾಗುತ್ತದೆ. ಹೊರಹೋಗುವ ತೂತಿಗಿಂತ ತಳ ಕೆಳಗೆ ಉಳಿದರೆ ಮಾತ್ರ ಒಂದೆರಡು ಲೀಟರ್ ನೀರು ಸದಾ ನಿಂತು ವಾಸನೆ ಬರುತ್ತದೆ. ಎಲ್ಬೋಗಳ ಬುಡ, ಆಂಗಲಿನ ಅಂಚು ಒತ್ತಿದ ಗೆರೆ, ಮೂಲೆಗಳು — ಈ ಮೂರು ಕಡೆ ಬೆಳ್ಳಗಿನ ಗೀರುಗಳಿವೆಯೇ ನೋಡಿ. ಬಿಳಿ ಗೆರೆ ಬಿರುಕಿನ ಮುನ್ಸೂಚನೆ. ಬಿರುಕು ಬಿಟ್ಟ ಪಾಲಿಥಿಲೀನಿಗೆ ಎಪಾಕ್ಸಿ, ಸಿಲಿಕೋನ್ ಯಾವುದೂ ನಿಲ್ಲುವುದಿಲ್ಲ, ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬೆಸುಗೆ ಹಾಕಬೇಕು. ಚಿಕ್ಕ, ಒಣ, ಸಪಾಟು ಜಾಗದ ಬಿರುಕಿಗೆ ಇದು ಆದೀತು. ಎಲ್ಬೋ ಬುಡದಲ್ಲೋ ಮೂಲೆಯಲ್ಲೋ ಬಿರುಕಿದ್ದರೆ ಹೊಸ ಟ್ಯಾಂಕೇ ಲೇಸು. ಶೌಚದ ಟ್ಯಾಂಕು ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್ಕಿನದಾಗಿದ್ದರೆ ಮಾತು ಬೇರೆ, ಅದಕ್ಕೆ ಅದರದ್ದೇ ದ್ರಾವಕ ಅಂಟು ಇದೆ. ಯಾವ ಪ್ಲಾಸ್ಟಿಕ್ ಎಂದು ಸಾಮಾನ್ಯವಾಗಿ ಟ್ಯಾಂಕಿನ ಮೈಮೇಲೆ ಅಚ್ಚೊತ್ತಿರುತ್ತದೆ.

ಹೊಸದನ್ನೇ ಕೊಳ್ಳುವುದಾದರೆ 150ಕ್ಕೆ ಬದಲು 80–90 ಲೀಟರಿನದು, ಚಕ್ರಗಳ ನೇರಕ್ಕೆ ಕೂರುವಂತಹದು ಸಿಗುತ್ತದೆಯೇ ವಿಚಾರಿಸಿ. ಕುಕ್ಕಾಟವೂ ಕಡಿಮೆ, ಕೊಂಡಿಯ ತೂಗೂ ಏರುಪೇರಾಗುವುದಿಲ್ಲ. ಪೈಪುಗಳ ದಾರಿ ಬದಲಿಸುವ ಕೆಲಸ ಮಾತ್ರ ದೊಡ್ಡದು.

ದುರಸ್ತಿಯಾದ ಮೇಲೆ ಅದೇ ದಾರ ಮತ್ತೆ ಕಟ್ಟಿ, ತುಂಬಿಸಿ, ಒಂದು ರಾತ್ರಿ ಬಿಟ್ಟು ಅಳೆಯಿರಿ. ಅಡ್ಡಪಟ್ಟಿ 2 ಮಿ.ಮೀ.ಗಿಂತ ಹೆಚ್ಚು ಇಳಿದಿದ್ದರೆ ಕೆಲಸ ಮಾಡಿದವರನ್ನು ಕರೆದು ತೋರಿಸಿ. ತುಂಬಿದ ಟ್ಯಾಂಕಿನೊಂದಿಗೆ ಮೊದಲ 100 ಕಿ.ಮೀ. ಆದ ಮೇಲೆ ಬೋಲ್ಟುಗಳನ್ನು ಒಮ್ಮೆ ಬಿಗಿದು, ನಟ್ಟು ಮತ್ತು ಪ್ಲೇಟಿನ ಮೇಲೆ ಒಂದೇ ಗೆರೆಯಾಗುವಂತೆ ಬಣ್ಣದ ಪೆನ್ನಿನಲ್ಲಿ ಗುರುತು ಎಳೆಯಿರಿ. ಗೆರೆ ಮುರಿದರೆ ನಟ್ಟು ತಿರುಗಿದೆ ಎಂದು ದೂರದಿಂದಲೇ ತಿಳಿಯುತ್ತದೆ. ಹಾಳೆಯನ್ನು ಮತ್ತೆ ಮುಚ್ಚುವಾಗ ಆ ಗುರುತು ಕಾಣುವ ಜಾಗದಲ್ಲಿ ಅಂಗೈಯಗಲದ ಕಿಂಡಿ ಕೊಯ್ದು, ಎರಡು ಸ್ಕ್ರೂಗಳ ಮುಚ್ಚಳ ಹಾಕಿಸಿ. ತಗ್ಗಿನ ಮೂಲೆಯಲ್ಲಿ ನೀರಿಳಿಯುವ ತೂತನ್ನು ಮುಚ್ಚಬೇಡಿ. ಮುಂದಿನ ಸಲ ಸೋರಿದರೆ ಹಾಳೆ ಜೋಲುವವರೆಗೆ ಕಾಯದೆ ಅಲ್ಲೇ ಹನಿ ಕಾಣಿಸುತ್ತದೆ.